ಸರ್ವನಾಮದೊಳಗಿನ ತೀರ್ಪು: ಪವಿತ್ರಗ್ರಂಥದಲ್ಲಿ ನಮ್ಮ ಮಾತೇ ನಮಗೆ ಸಾಕ್ಷಿಯಾಗುವ ಬಗೆ

ಸಂತ ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯದ 36 ಮತ್ತು 37ನೆಯ ವಚನಗಳನ್ನು ಗುರುಗಳಾದ ನಾವು ಹೆಚ್ಚಾಗಿ ಬಳಸುವುದು ಧ್ಯಾನಕೂಟಗಳಲ್ಲಿ, ಭಕ್ತರನ್ನು ಪಾಪನಿವೇದನೆಗೆ ಅಣಿಗೊಳಿಸುವಾಗ. ಆಡಿದ ಒಂದೊಂದು ವ್ಯರ್ಥ ನುಡಿಗೂ ಲೆಕ್ಕ ಒಪ್ಪಿಸಬೇಕಾಗುವುದೆಂದೂ ಮನುಷ್ಯನ ಬಿಡುಗಡೆ, ದಂಡನೆ ಎರಡೂ ಅವನ ಮಾತನ್ನೇ ಆಧರಿಸಿವೆಯೆಂದೂ ಯೇಸುಸ್ವಾಮಿ ಅಲ್ಲಿ ಎಚ್ಚರಿಸುತ್ತಾರೆ. ಇದನ್ನು ಓದಿದ ಬಳಿಕ ನಾವು ಹರಟೆ, ಚಾಡಿ, ಬೈಗುಳ, ಸುಳ್ಳಾಣೆಗಳ ಪಟ್ಟಿಯೊಂದನ್ನು ಭಕ್ತರ ಮುಂದಿಡುತ್ತೇವೆ. ಪಟ್ಟಿ ತಪ್ಪಲ್ಲ. ಆದರೆ ಅದು ವಚನದ ಮೊನೆಯನ್ನು ಮೊಂಡುಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪವಿತ್ರಗ್ರಂಥದಲ್ಲಿ ಮನುಷ್ಯನನ್ನು ದಂಡನೆಗೆ ಗುರಿಪಡಿಸುವ ಮಾತು ಬಹುಪಾಲು ಅವನು ಮತ್ತೊಬ್ಬನನ್ನು ಕುರಿತು ಆಡಿದ ಮಾತು. ಕನ್ನಡದಲ್ಲಿ ಓದುವ ನಮಗೆ ಇದನ್ನು ಗುರುತಿಸುವ ವಿಶೇಷ ಅನುಕೂಲವೊಂದಿದೆ. ಆ ಅನುಕೂಲವೇ ನಮ್ಮ ಮೇಲಿನ ದೋಷಾರೋಪವೂ ಆಗಬಲ್ಲದು.

ವಚನದ ಹಿನ್ನೆಲೆ

ಕುರುಡನೂ ಮೂಕನೂ ಆಗಿದ್ದ ದೆವ್ವಪೀಡಿತನೊಬ್ಬನನ್ನು ಪ್ರಭು ಗುಣಪಡಿಸಿದ್ದಾರೆ. ಜನ ಬೆರಗಾಗಿದ್ದಾರೆ. ಫರಿಸಾಯರು ಮಾತ್ರ ಅದನ್ನು ಬೆಲ್ಜೆಬೂಲನ ಕೆಲಸವೆಂದು ತಳ್ಳಿಹಾಕುತ್ತಾರೆ (ಮತ್ತಾ. 12:24). ಹಾಗೆ ಹೇಳುವಾಗ ಅವರು ಪ್ರಭುವಿನ ಹೆಸರನ್ನು ಎತ್ತುವುದಿಲ್ಲ. ಗ್ರೀಕ್ ಮೂಲದಲ್ಲಿ ಅವರ ಬಾಯಲ್ಲಿರುವುದು 'ಹೂತೋಸ್' ಎಂಬ ಸರ್ವನಾಮ, 'ಇವನು' ಎಂದರ್ಥ. ಪ್ರಭುವಿಗೆ ಹೇಳದೆ, ಪ್ರಭುವನ್ನು ಕುರಿತು, ತಮ್ಮತಮ್ಮಲ್ಲಿ ಆಡಿಕೊಂಡ ಮಾತದು. ಲೆಕ್ಕ ಒಪ್ಪಿಸಬೇಕಾದ ನುಡಿಯ ಪ್ರಸ್ತಾಪ ಬರುವುದು ಈ ಮಾತಿನ ಬೆನ್ನಿಗೆ, ಹರಟೆಯ ಸಂದರ್ಭದಲ್ಲಲ್ಲ.

'ವ್ಯರ್ಥ' ಎಂದು ಕನ್ನಡಕ್ಕೆ ಬಂದಿರುವ ಗ್ರೀಕ್ ಪದ 'ಆರ್ಗೋಸ್'. ಕೆಲಸವೆಂಬ ಅರ್ಥದ 'ಎರ್ಗೋನ್' ಪದಕ್ಕೆ ನಿಷೇಧ ಸೇರಿ ಆದದ್ದು ಅದು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಪೇಟೆಬೀದಿಯಲ್ಲಿ ಕೆಲಸವಿಲ್ಲದೆ ನಿಂತವರಿಗೂ ಮತ್ತಾಯ ಇದೇ ಪದವನ್ನು ಬಳಸುತ್ತಾನೆ (20:3). ಹೀಗಾಗಿ ವ್ಯರ್ಥ ನುಡಿಯೆಂದರೆ ಹೆಚ್ಚಾದ ನುಡಿ ಎಂದಷ್ಟೇ ಅಲ್ಲ. ಯಾವ ಹೊಣೆಯನ್ನೂ ಹೊರದೆ, ಯಾರ ಎದುರೂ ನಿಲ್ಲದೆ, ಬಾಯಿಂದ ಜಾರಿದ ನುಡಿ. 'ಇವನು' ಎಂದವರು ತಾವು ಏನನ್ನೋ ಹೇಳಿದೆವೆಂದುಕೊಂಡಿರಲಾರರು. ತುಂಬಿದ ಹೃದಯವೇ ಬಾಯಾಗಿ ಹೊರಬರುತ್ತದೆ ಎಂಬ ಪ್ರಭುವಿನ ಮಾತು (12:34) ಅನ್ವಯಿಸುವುದು ಹೀಗೆ ಅರಿವಿಲ್ಲದೆ ಜಾರಿದ ಮಾತಿಗೇ.

ಉಚ್ಚಾರಣೆಯ ಸಾಕ್ಷ್ಯ

ಮಾತು ಮನುಷ್ಯನನ್ನು ಬಯಲಿಗೆಳೆಯುವ ಇನ್ನೊಂದು ಬಗೆಯೂ ಪವಿತ್ರಗ್ರಂಥದಲ್ಲಿದೆ. ಅದನ್ನು ಇದರಿಂದ ಬೇರ್ಪಡಿಸಿ ನೋಡಬೇಕು.

ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯದಲ್ಲಿ ಸೋತು ಓಡುತ್ತಿದ್ದ ಎಫ್ರಾಯಿಮ್ಯರನ್ನು ಗಿಲ್ಯಾದಿನವರು ಜೋರ್ಡನ್ ಹೊಳೆಯ ಕಡವಿನಲ್ಲಿ ತಡೆದು ಒಂದೇ ಒಂದು ಪದವನ್ನು ಹೇಳಿಸುತ್ತಾರೆ. ಪದ 'ಶಿಬ್ಬೋಲೆತ್'; ತೆನೆಯೆಂದೋ ಹರಿವ ನೀರೆಂದೋ ಅರ್ಥ. 'ಶ'ಕಾರ ಹೊರಡದೆ 'ಸಿಬ್ಬೋಲೆತ್' ಎಂದವನು ಅಲ್ಲೇ ಹತನಾಗುತ್ತಾನೆ. ಸತ್ತವರು 42,000 ಮಂದಿ ಎನ್ನುತ್ತದೆ ಗ್ರಂಥ. ಗ್ರೀಕಿನಲ್ಲಿ 'ಶ' ಧ್ವನಿ ಇಲ್ಲದ ಕಾರಣ ಹಳೆಯ ಗ್ರೀಕ್ ಅನುವಾದಕರು ಈ ಪದವನ್ನು ಇದ್ದಹಾಗೆ ಬರೆಯಲಾಗಲಿಲ್ಲ. ಒಂದು ಪಾಠದಲ್ಲಿ ಅದು 'ತೆನೆ' ಎಂದಾಯಿತು, ಇನ್ನೊಂದರಲ್ಲಿ 'ಗುರುತಿನ ಮಾತು' ಎಂದಾಯಿತು. ಆ ಕಡವಿನಲ್ಲಿ ಅನುವಾದಕರೂ ತಲೆ ಕಳೆದುಕೊಳ್ಳುತ್ತಿದ್ದರು. ಕನ್ನಡ ಲಿಪಿಯಲ್ಲಿ 'ಶ', 'ಸ' ಎರಡೂ ಇವೆ. ಆದರೆ 'ಶಾಂತಿ'ಯನ್ನು 'ಸಾಂತಿ' ಎನ್ನುವ ನಮ್ಮ ಭಕ್ತರಲ್ಲಿ ಎಷ್ಟು ಮಂದಿ ಆ ಹೊಳೆಯನ್ನು ದಾಟಿಯಾರು?

ಈ ಕೊಲೆಗಳ ನಾಯಕ ಯೆಪ್ತಾಹ. ಹಿಂದಿನ ಅಧ್ಯಾಯದಲ್ಲಿ ಅವನೇ ಆತುರದಲ್ಲಿ ಹರಕೆ ಹೊತ್ತು, ಆ ಮಾತಿಗೆ ಮಗಳನ್ನು ಬಲಿಕೊಟ್ಟವನು. ತನಗೆ ದುಃಖ ತಂದವಳು ನೀನೇ ಎಂದು ಆಕೆಯನ್ನೇ ದೂರಿದವನು (11:35). ತನ್ನ ಬಾಯಿಯನ್ನು ಕಾಯದವನು ಪರರ ಬಾಯಿಗೆ ಕಾವಲು ನಿಂತ. ಗ್ರಂಥಕರ್ತನು ಇದರ ಮೇಲೆ ಯಾವ ಟಿಪ್ಪಣಿಯನ್ನೂ ಮಾಡುವುದಿಲ್ಲ. ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾನೆ, ಅಷ್ಟೆ.

ಮಹಾಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದೂ ಉಚ್ಚಾರಣೆಯೇ (ಮತ್ತಾ. 26:73). ಗಲಿಲೇಯದವರು ಕಂಠದಿಂದ ಹೊರಡುವ ಅಕ್ಷರಗಳನ್ನು ಒಂದರಂತೆ ಒಂದನ್ನು ನುಡಿಯುತ್ತಾರೆಂಬ ಹಾಸ್ಯ ಯೆಹೂದ್ಯರಲ್ಲಿತ್ತು. ಬಾಬಿಲೋನಿನ ತಾಲ್ಮುದಿನ 'ಎರೂವಿನ್' ಭಾಗದಲ್ಲಿ ಗಲಿಲೇಯದವನೊಬ್ಬ 'ಅಮಾರ್' ಯಾರಲ್ಲಿದೆ ಎಂದು ಕೇಳಿಕೊಂಡು ಬರುತ್ತಾನೆ. ನಿನಗೆ ಬೇಕಾದದ್ದು ಸವಾರಿಗೆ ಕತ್ತೆಯೋ, ಕುಡಿಯಲು ದ್ರಾಕ್ಷಾರಸವೋ, ಉಡಲು ಉಣ್ಣೆಯೋ, ಕೊಯ್ಯಲು ಕುರಿಮರಿಯೋ ಎಂದು ಜನ ಅವನನ್ನು ಗೇಲಿಮಾಡುತ್ತಾರೆ. ಬೆಂಗಳೂರು, ಕನಕಪುರ, ಮಂಡ್ಯದ ಸೀಮೆಗಳಲ್ಲಿ 'ಹ'ಕಾರ ಕಳೆದುಕೊಂಡು 'ಹಾಡು' 'ಆಡು' ಆದಾಗ ನಗುವವರ ನಗೆಯೂ ಇದೇ. ನಗುವ ಮುನ್ನ ಭಾಷೆಯ ಚರಿತ್ರೆಯನ್ನು ನೆನೆಯಬೇಕು. ಹಳಗನ್ನಡದ 'ಪಾಲ್' ನಡುಗನ್ನಡದ ಹೊತ್ತಿಗೆ 'ಹಾಲು' ಆಯಿತು. ಹಳ್ಳಿಯ ಬಾಯಲ್ಲಿ ಈಗ ಅದು 'ಆಲು'. ನಾವು ಶುದ್ಧವೆಂದು ಕಾಪಾಡುತ್ತಿರುವ 'ಹ'ಕಾರವೂ ಒಂದು ಕಾಲದಲ್ಲಿ 'ಪ'ಕಾರ ಸವೆದು ಆದದ್ದೇ.

ಇಲ್ಲಿ ಗಮನಿಸಬೇಕಾದುದೆಂದರೆ, ಉಚ್ಚಾರಣೆಯಿಂದ ತೀರ್ಪು ಕೊಡುವವರು ಯಾವಾಗಲೂ ಮನುಷ್ಯರೇ. ಕಡವಿನಲ್ಲಿ ನಿಂತವರು ಆಯುಧಧಾರಿಗಳು, ಅಂಗಳದಲ್ಲಿ ನಿಂತವರು ಅಧಿಕಾರದ ಆಳುಗಳು. ಉಚ್ಚಾರಣೆಯ ಕಾರಣಕ್ಕೆ ದೇವರು ಒಬ್ಬನನ್ನು ದಂಡಿಸಿದ ಒಂದೇ ಒಂದು ಸಂದರ್ಭವೂ ಪವಿತ್ರಗ್ರಂಥದಲ್ಲಿಲ್ಲ. ಬದಲಿಗೆ, ಪವಿತ್ರಾತ್ಮ ಇಳಿದುಬಂದ ದಿನ ನೆರೆದವರ ಮೊದಲ ಬೆರಗು, ಮಾತಾಡುತ್ತಿರುವವರೆಲ್ಲ ಗಲಿಲೇಯದವರಲ್ಲವೇ ಎಂಬುದು (ಪ್ರೇ.ಕಾ. 2:7). ಹಿಂದೆ ಪೇತ್ರನನ್ನು ಹಿಡಿದುಕೊಟ್ಟ ನಾಲಗೆಯಿಂದಲೇ ಅಂದು ಶುಭಸಂದೇಶ ಹೊರಟಿತು.

ದೂರವಿಟ್ಟು ನುಡಿದ ತೀರ್ಪು

ದೇವರ ಎದುರು ಮನುಷ್ಯ ತನ್ನನ್ನು ತಾನೇ ದಂಡಿಸಿಕೊಳ್ಳುವ ಪ್ರಸಂಗಗಳು ಬೇರೆ ತೆರನಾದವು. ಪ್ರವಾದಿ ನಾತಾನನ ಕಥೆಯಲ್ಲಿ ಬಡವನ ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಮೇಲೆ ದಾವೀದನು ಕೆರಳುತ್ತಾನೆ. ಅಂಥವನು ಸಾವಿಗೆ ತಕ್ಕವನು, ಒಂದಕ್ಕೆ ನಾಲ್ಕು ಮರಿಗಳನ್ನು ತೆರಬೇಕು ಎಂದು ಆಣೆಯಿಟ್ಟು ಹೇಳುತ್ತಾನೆ (2 ಸಮು. 12:5-6). ಕದ್ದ ಕುರಿಗೆ ನಾಲ್ಕರ ದಂಡವನ್ನು ವಿಧಿಸುವುದು ಮೋಶೆಯ ಕಾನೂನೇ (ವಿಮೋ. 22:1). ದಾವೀದನ ನ್ಯಾಯಜ್ಞಾನದಲ್ಲಿ ಲೋಪವಿಲ್ಲ. ಲೋಪವಿರುವುದು 'ಆ ಮನುಷ್ಯ' ಎಂದು ಅವನು ತೋರಿದ ಬೆರಳಿನಲ್ಲಿ. ನಾತಾನನು ಮಾಡುವುದು ಆ ಪ್ರಥಮಪುರುಷವನ್ನು ಮಧ್ಯಮಪುರುಷಕ್ಕೆ ತಿರುಗಿಸುವುದಷ್ಟೇ: ನೀನು ಹೇಳುತ್ತಿರುವ ವ್ಯಕ್ತಿ ನಿನ್ನನ್ನು ಬಿಟ್ಟು ಬೇರೆಯಲ್ಲ ಎಂಬುದಷ್ಟೇ ಅವನ ಉತ್ತರದ ತಿರುಳು.

ಆದಿಕಾಂಡದ 38ನೆಯ ಅಧ್ಯಾಯದಲ್ಲಿ ಯೂದನು ಬಸುರಿಯಾದ ಸೊಸೆಯನ್ನು ಹೊರಗೆಳೆದು ಸುಡಬೇಕೆನ್ನುತ್ತಾನೆ. ಅವನ ಆಜ್ಞೆಯಲ್ಲಿ ತಾಮಾರಳ ಹೆಸರಿಲ್ಲ. ತನ್ನದೇ ಮುದ್ರೆ, ಕೋಲುಗಳು ಎದುರಿಗೆ ಬಂದ ಮೇಲೆ ಆಕೆ ತನಗಿಂತ ನೀತಿವಂತೆ ಎಂದು ಒಪ್ಪಿಕೊಳ್ಳುತ್ತಾನೆ. ದ್ರಾಕ್ಷಿತೋಟದ ದುಷ್ಟ ಗುತ್ತಿಗೆದಾರರ ಸಾಮತಿಯಲ್ಲಂತೂ ಮತ್ತಾಯನ ಉದ್ದೇಶ ನಿಚ್ಚಳವಾಗಿದೆ. ತೋಟದ ಒಡೆಯ ಏನು ಮಾಡುವನೆಂಬ ಪ್ರಶ್ನೆಗೆ ಮಾರ್ಕ (12:9), ಲೂಕ (20:16) ಇಬ್ಬರಲ್ಲೂ ಪ್ರಭುವೇ ಉತ್ತರ ಹೇಳುತ್ತಾರೆ. ಮತ್ತಾಯನಲ್ಲಿ ಮಾತ್ರ ಉತ್ತರ ಬರುವುದು ಕೇಳುಗರಾದ ಮುಖ್ಯಯಾಜಕರಿಂದ ಹಾಗೂ ಪ್ರಜಾಪ್ರಮುಖರಿಂದ (21:41). ಆ ದುರುಳರನ್ನು ನಿರ್ದಯವಾಗಿ ನಾಶಮಾಡುವನೆಂದು ಅವರೇ ಹೇಳುತ್ತಾರೆ. ದುರುಳರು ತಾವೇ ಎಂಬುದು ಅವರಿಗೆ ಆಮೇಲೆ ತಿಳಿಯುತ್ತದೆ.

ಲೂಕನ ಎರಡು ಸಾಮತಿಗಳೂ ಇದೇ ಸಾಲಿಗೆ ಸೇರುತ್ತವೆ. ದುಂದುಗಾರ ಮಗನ ಅಣ್ಣ, ತಮ್ಮನೆನ್ನಲು ಒಲ್ಲದೆ, ತಂದೆಯೆದುರು 'ನಿನ್ನ ಮಗ' ಎಂದು ದೂರ ಸರಿಸುತ್ತಾನೆ. ತಂದೆ ಆ ನುಡಿಯನ್ನು ಮೃದುವಾಗಿ ತಿದ್ದಿ 'ನಿನ್ನ ತಮ್ಮ' ಎಂದು ಹಿಂದಿರುಗಿಸುತ್ತಾನೆ (15:30, 32). ದೇವಾಲಯದಲ್ಲಿ ಪ್ರಾರ್ಥಿಸುವ ಫರಿಸಾಯನು ದೇವರನ್ನು 'ನೀನು' ಎಂದು ನೇರವಾಗಿ ಕರೆಯುತ್ತಾನೆ; ಪಕ್ಕದವನನ್ನು 'ಈ ಸುಂಕದವನು' ಎಂದು ತೋರಿಸುತ್ತಾನೆ (18:11). ಅವನ ಪ್ರಾರ್ಥನೆ ಮುಗ್ಗರಿಸುವುದು ಆ ತೋರುಬೆರಳಿನಲ್ಲಿ.

ಇದಕ್ಕೆ ಅಪವಾದವೊಂದನ್ನು ಓದುಗರು ಎತ್ತಬಹುದು. ನಾಣ್ಯದ ಸಾಮತಿಯಲ್ಲಿ ಒಡೆಯನು ಆಳಿಗೆ, ನಿನ್ನ ಬಾಯಮಾತಿನಿಂದಲೇ ನಿನಗೆ ತೀರ್ಪು ಎನ್ನುತ್ತಾನೆ (ಲೂಕ 19:22). ಆ ಆಳು ಒಡೆಯನ ಮುಖಕ್ಕೇ, ನೀನು ಕಠಿಣನೆಂದು ಹೇಳಿದ್ದಾನೆ. ಅವನ ಮಾತು ಮಧ್ಯಮಪುರುಷದಲ್ಲಿದೆ. ಆದರೆ ಆ ಮಾತು ಹುಟ್ಟಿದ್ದು ಎಲ್ಲಿ? ಒಡೆಯ ದೂರದೇಶದಲ್ಲಿದ್ದಾಗ, ನಾಣ್ಯವನ್ನು ವಸ್ತ್ರದಲ್ಲಿ ಗಂಟುಕಟ್ಟಿಟ್ಟು ಕುಳಿತವನ ಮನಸ್ಸಿನಲ್ಲಿ. ಇಲ್ಲದವನನ್ನು ಕುರಿತು ಕಟ್ಟಿಕೊಂಡ ಚಿತ್ರವನ್ನೇ ಅವನು ಬಂದವನ ಮುಂದೆ ಓದಿದ. ವ್ಯಾಕರಣದ ಪುರುಷ ಬದಲಾದರೂ ದೂರ ತಗ್ಗಲಿಲ್ಲ.

ಪೇತ್ರನ ಎರಡು ಸಾಕ್ಷ್ಯಗಳು

ಈ ಬೆಳಕಿನಲ್ಲಿ ಪೇತ್ರನ ಪ್ರಸಂಗವನ್ನು ಮತ್ತೆ ಓದಬೇಕು. ಅಂಗಳದ ಜನ ಹಿಡಿದದ್ದು ಅವನ ಉಚ್ಚಾರಣೆಯನ್ನು. ಶುಭಸಂದೇಶಕಾರನು ಹಿಡಿದದ್ದು ಬೇರೆಯದನ್ನು. ಫಿಲಿಪ್ಪನ ಸೆಜರೇಯದಲ್ಲಿ ಪ್ರಭುವನ್ನು ಜೀವಂತ ದೇವರ ಪುತ್ರನೆಂದು ಸಾರಿದ ಬಾಯಿ (ಮತ್ತಾ. 16:16) ಇಲ್ಲಿ ಎರಡು ಸಲ 'ಆ ಮನುಷ್ಯ' ಎನ್ನುತ್ತದೆ (26:72, 74). ಪೇತ್ರನು ಯೇಸುವಿನ ಹೆಸರನ್ನು ಉಚ್ಚರಿಸುವುದೇ ಇಲ್ಲ. ಗಲಿಲೇಯದ ಸೊಲ್ಲು ಅವನನ್ನು ಶಿಷ್ಯನೆಂದು ತೋರಿಸಿತು, 'ಆ ಮನುಷ್ಯ' ಎಂಬ ಮಾತು ಅವನನ್ನು ನಿರಾಕರಿಸಿದವನೆಂದು ತೋರಿಸಿತು. ಮೊದಲನೆಯದಕ್ಕಾಗಿ ಅವನು ಹೆದರಿದ, ಎರಡನೆಯದಕ್ಕಾಗಿ ಅತ್ತ.

ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ, ಕೆರೆಯ ದಡದ ಕೆಂಡದ ಬಳಿ, ಪ್ರಭು ಪೇತ್ರನಿಂದ ಮೂರು ಸಲ ಉತ್ತರ ಪಡೆಯುತ್ತಾರೆ. ಪುನರುತ್ಥಾನದ ಬಳಿಕ ಅವರು ಅವನಿಂದ ಕೇಳಿದ್ದು ತಮ್ಮನ್ನು ಕುರಿತ ಹೇಳಿಕೆಯನ್ನಲ್ಲ, ತಮಗೆ ಹೇಳುವ ಮಾತನ್ನು. ಮೂರೂ ಉತ್ತರಗಳು ಮಧ್ಯಮಪುರುಷದಲ್ಲಿವೆ. 'ಆ ಮನುಷ್ಯ' ಎಂದವನು 'ನೀವು' ಎನ್ನಲು ಕಲಿತದ್ದೇ ಅವನ ಪುನಃಸ್ಥಾಪನೆ.

ಕನ್ನಡದ ಕ್ರಿಯಾಪದ

ಇಷ್ಟನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡದಲ್ಲಿ ವಿಷಯ ಇನ್ನೂ ತೀಕ್ಷ್ಣವಾಗುತ್ತದೆ. ಒಬ್ಬ ವ್ಯಕ್ತಿಗೆ ಗೌರವಾರ್ಥವಾಗಿ ಬಹುವಚನ ಸರ್ವನಾಮ ಬಳಸುವ ರೂಢಿ ಬೈಬಲಿನ ಹೀಬ್ರೂವಿನಲ್ಲಾಗಲಿ ಗ್ರೀಕಿನಲ್ಲಾಗಲಿ ಇಲ್ಲ. ಕನ್ನಡದಲ್ಲಾದರೋ ಬಂದನು, ಬಂದಳು, ಬಂದರು ಎಂಬುದರಲ್ಲಿ ಒಂದನ್ನು ಆರಿಸದೆ ಒಬ್ಬ ಮನುಷ್ಯ ಬಂದ ಸಂಗತಿಯನ್ನೂ ಹೇಳಲಾಗದು. ಆದ್ದರಿಂದ ಕನ್ನಡ ಅನುವಾದಕನು ಮೂಲದಲ್ಲಿಲ್ಲದ ನಿರ್ಣಯವನ್ನು ಪ್ರತಿ ವಾಕ್ಯದ ಕೊನೆಯಲ್ಲೂ ಮಾಡಬೇಕಾಗುತ್ತದೆ. ಸಮಾರ್ಯದ ಸ್ತ್ರೀ ಬಾವಿಯ ಬಳಿ ಅಪರಿಚಿತ ಯೆಹೂದ್ಯನೊಡನೆ ಮಾತಿಗಿಳಿಯುವಾಗ 'ನೀನು' ಎನ್ನುವಳೋ 'ನೀವು' ಎನ್ನುವಳೋ? ಎರಡನೆಯದಾದರೆ ಯಾವ ವಚನದಿಂದ? ಅಂಗಳದಲ್ಲಿ ಪೇತ್ರನು 'ಅವರನ್ನು ಅರಿಯೆ' ಎಂದಿದ್ದರೆ ಆ ಬಹುವಚನವೇ ಗಲಿಲೇಯದ ಉಚ್ಚಾರಣೆಗಿಂತ ಬೇಗ ಅವನನ್ನು ಹಿಡಿದುಕೊಡುತ್ತಿತ್ತು. 'ಅವನನ್ನು ಅರಿಯೆ' ಎಂದರೆ ನಿರಾಕರಣೆ ಸರ್ವನಾಮದಲ್ಲೇ ಪೂರ್ಣವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ಆರಂಭವಾದ ಪ್ರೊಟೆಸ್ಟೆಂಟ್ ಅನುವಾದ ಪರಂಪರೆ ದೇವರಿಗೂ ಯೇಸುವಿಗೂ ಏಕವಚನವನ್ನೇ ಬಳಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಎಡೆಮಾಡಿಕೊಟ್ಟ ನಂತರ ನಮ್ಮ ದೇವಾಲಯಗಳಲ್ಲಿ ನೆಲೆನಿಂತ ಕನ್ನಡ ಬಹುವಚನದ ಕನ್ನಡ. ಯಾವುದು ಸರಿ ಎಂಬ ವಾದ ಇಲ್ಲಿ ಬೇಡ. ಏಕವಚನವೆಲ್ಲ ತಿರಸ್ಕಾರವಲ್ಲ, ತಾಯಿಗೆ, ಗೆಳೆಯನಿಗೆ, ಭಕ್ತಿಯ ಉತ್ಕಟತೆಯಲ್ಲಿ ದೇವರಿಗೆ ಕನ್ನಡಿಗರು ಹೇಳುವುದು 'ನೀನು' ಎಂದೇ. ಬಹುವಚನವೆಲ್ಲ ಗೌರವವೂ ಅಲ್ಲ. ಈ ಲೇಖನದಲ್ಲಿಯೂ ನಾವು ಪ್ರಭುವಿಗೆ ಬಹುವಚನವನ್ನು, ದಾವೀದ ಪೇತ್ರರಿಗೆ ಏಕವಚನವನ್ನು ಬಳಸಿರುವುದು ರೂಢಿಯ ಬಲದಿಂದ.

ನಮ್ಮ ಆಕ್ಷೇಪ ಇರುವುದು ಬೇರೆಡೆ. ಪ್ರಭುವಿಗೆ 'ಅವರು' ಎಂದೆವೆಂಬ ಸಮಾಧಾನದಲ್ಲಿ ಸರ್ವನಾಮದ ಪರೀಕ್ಷೆ ಮುಗಿಯಿತೆಂದು ನಾವು ಭಾವಿಸಿದ್ದೇವೆ. ಅತ್ಯಲ್ಪರಾದ ಸೋದರರಿಗೆ ಮಾಡಿದ್ದೆಲ್ಲ ತಮಗೆ ಮಾಡಿದ್ದೆಂದು ಪ್ರಭು ಹೇಳಿರುವಾಗ (ಮತ್ತಾ. 25:40), ಅವರಿಗೆ ನಾವು ಬಳಸಿದ ಸರ್ವನಾಮವೇ ಪ್ರಭುವಿಗೆ ಬಳಸಿದ ಸರ್ವನಾಮ. ಇದು ಕನ್ನಡಕ್ಕೆ ಹೊಸ ವಿಚಾರವೂ ಅಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಸ್ವರ್ಗ ನರಕಗಳೆರಡನ್ನೂ ಪರರನ್ನು ಕರೆಯುವ ರೀತಿಯಲ್ಲೇ ಕಂಡರು. ಸೋದರನನ್ನು ಹೀನಾಯವಾಗಿ ಕರೆದವನಿಗೆ ನರಕಾಗ್ನಿಯ ಎಚ್ಚರಿಕೆ ಕೊಡುವ ಪರ್ವತ ಪ್ರಸಂಗದ ಮಾತನ್ನು (ಮತ್ತಾ. 5:22) ಉತ್ಪ್ರೇಕ್ಷೆಯೆಂದು ಬಗೆಯುವ ವಿದ್ಯಾರ್ಥಿಗಳಿಗೆ ನಾವು ಆ ವಚನವನ್ನು ನೆನಪಿಸುತ್ತೇವೆ.

ಸ್ಯಾಕ್ರಿಸ್ಟಿಯಲ್ಲಿ ಆಡಿದ ಮಾತು

ಈ ವಿಷಯ ನಮ್ಮನ್ನು ಹಿಡಿದದ್ದು ಗ್ರಂಥಾಲಯದಲ್ಲಲ್ಲ. ಜಯನಗರ, ಬನಶಂಕರಿಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ನಾವು ಭಾನುವಾರಗಳಂದು ಕನ್ನಡ ಪೂಜೆಗೆ ನೆರವಾಗುತ್ತೇವೆ. ಅಲ್ಲಿನ ಕನ್ನಡ ಪೂಜೆಗೆ ಬರುವವರಲ್ಲಿ ಹಲವರು ಕನಕಪುರ ರಸ್ತೆಯ ಆಚೆಯ ಊರುಗಳ ಮೂಲದವರು. ಜಯನಗರದ ಮನೆಗಳಲ್ಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮಾಡುವವರು. 2023ರ ಗರಿಗಳ ಭಾನುವಾರಕ್ಕೆ ಮತ್ತಾಯನ ಯಾತನಾ ವೃತ್ತಾಂತ ವಾಚನಕ್ಕಿತ್ತು. ಪಾತ್ರಗಳನ್ನು ಹಂಚುವಾಗ ಉಪದೇಶಿ ಒಬ್ಬ ಮಹಿಳೆಯ ಹೆಸರನ್ನು ಸೂಚಿಸಿದರು. ನಮಗಿಂತ ಹತ್ತು ವರ್ಷವಾದರೂ ಹಿರಿಯರು. ಮೂರು ಮನೆಗಳ ಕೆಲಸ ಮುಗಿಸಿ ಶನಿವಾರ ಸಂಜೆ ಬಂದು ಪೀಠಕ್ಕೆ ಹೂ ಜೋಡಿಸುತ್ತಿದ್ದವರು.

"ಅವಳು ಬೇಡ. ಅವಳಿಗೆ ಹಕಾರ ಬರೋದಿಲ್ಲ, ಜನ ನಗ್ತಾರೆ," ಎಂದೆವು ನಾವು.

ಅವರು ಹೂವಿನ ಬುಟ್ಟಿ ಹಿಡಿದು ಸ್ಯಾಕ್ರಿಸ್ಟಿಯ ಬಾಗಿಲಲ್ಲೇ ನಿಂತಿದ್ದರು. ಏನೂ ಹೇಳದೆ ಪೀಠದ ಕಡೆಗೆ ಹೋದರು.

ಭಾನುವಾರ ವಾಚನ ನಡೆಯಿತು. ಹಕಾರ ಬಲ್ಲ ಯುವಕನೊಬ್ಬ, ಪೇತ್ರನ ಸೊಲ್ಲು ಅವನನ್ನು ಹಿಡಿದುಕೊಟ್ಟ ಭಾಗವನ್ನು ಸ್ಪಷ್ಟವಾಗಿ ಓದಿದ. ಪೂಜೆ ಮುಗಿದ ಮೇಲೆ ನಾವು ಆ ತಾಯಿಯನ್ನು ಹುಡುಕಿಕೊಂಡು ಹೋಗಿ, ಉಚ್ಚಾರಣೆಯ ವಿಷಯದಲ್ಲಿ ಹಾಗೆ ಹೇಳಬಾರದಿತ್ತೆಂದು ಕ್ಷಮೆ ಕೇಳಿದೆವು. ಅವರ ಉತ್ತರ ಹೀಗಿತ್ತು:

"ಓದಾಕೆ ನಂಗೆ ಸರಿಯಾಗಿ ಬರಾಕಿಲ್ಲ ಅಂತ ನಂಗೂ ಗೊತ್ತು ಸ್ವಾಮಿ. ಅದ್ಕೇನೂ ಇಲ್ಲ. 'ಅವಳು' ಅಂದ್ಬುಟ್ರಲ್ಲ, ಅದೊಂದು ಒಳಗೇ 'ಉಳ್ಕೊಂತು."

ನಾವು ಕ್ಷಮೆ ಕೇಳಿದ್ದು ಕಡವಿನಲ್ಲಿ ನಿಂತ ತಪ್ಪಿಗೆ. ಅವರು ತೋರಿಸಿದ್ದು ಅಂಗಳದಲ್ಲಿ ಆಡಿದ ತಪ್ಪನ್ನು. ಇಪ್ಪತ್ತು ವರ್ಷ ಪವಿತ್ರಗ್ರಂಥವನ್ನು ಓದಿದ ನಮಗೆ ಆ ಎರಡರ ವ್ಯತ್ಯಾಸವನ್ನು ಕಲಿಸಿದವರು ಅವರು. ಮಾತಿನಿಂದಲೂ ಪಾಪಗೈದೆವೆಂದು ಪ್ರತಿ ಪೂಜೆಯ ಆರಂಭದಲ್ಲಿ ನಾವೇ ಮುಂದಾಗಿ ನಿವೇದಿಸುತ್ತೇವೆ. ಹಾಗೆ ನಿವೇದಿಸುವಾಗ ಯಾವ ಮಾತೆಂದು ನಾವು ಎಂದೂ ಹುಡುಕಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಎಲ್ಲರಿಗೂ ಬಹುವಚನವೆಂದು ನಿಯಮ ಮಾಡಬಹುದು. ಅಂಥ ನಿಯಮ ಬಾಯಿಗೆ ಹೊದಿಸಿದ ಬಟ್ಟೆಯಾದೀತು. ಹೃದಯ ತುಂಬಿದ್ದೇ ಹೊರಬರುತ್ತದೆಂಬ ಮಾತು ಅದರಿಂದ ಸುಳ್ಳಾಗುವುದಿಲ್ಲ. ನಮ್ಮ ಗುರುವಿದ್ಯಾರ್ಥಿಗಳಿಗೆ ನಾವು ಈಗ ಇನ್ನೊಂದು ಅಭ್ಯಾಸವನ್ನು ಸೂಚಿಸುತ್ತಿದ್ದೇವೆ. ರಾತ್ರಿಯ ಆತ್ಮಶೋಧನೆಯಲ್ಲಿ, ಅಂದು ಎದುರಿಗಿಲ್ಲದವರನ್ನು ಕುರಿತು ಆಡಿದ ಒಂದು ವಾಕ್ಯವನ್ನು ಇದ್ದಹಾಗೆಯೇ, ಕ್ರಿಯಾಪದದ ಕೊನೆಯವರೆಗೂ, ಬರೆದುಕೊಳ್ಳಬೇಕು. ಊಟ ಬಡಿಸಿದವರು, ಗೇಟು ತೆರೆದವರು, ಬೇರೆ ಭಾಷೆಯ ಸಹಪಾಠಿ, ಯಾರೇ ಆಗಿರಲಿ. ಮರುದಿನ ಅದೇ ಸಂಗತಿಯನ್ನು ಆ ವ್ಯಕ್ತಿಯ ಮುಂದೆ ನಿಂತು ಹೇಳಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಾಗದ ವಾಕ್ಯವನ್ನು ಪಾಪನಿವೇದನೆಗೆ ಒಯ್ಯಬೇಕು.

ಆ ತಾಯಿ ಮುಂದಿನ ವರ್ಷದಿಂದ ಓದುತ್ತಿದ್ದಾರೆ. 'ಹ'ಕಾರ ಇನ್ನೂ ಬಂದಿಲ್ಲ. ಮೊದಲ ದಿನ ಒಂದಿಬ್ಬರು ನಕ್ಕರು, ಆಮೇಲೆ ನಗಲಿಲ್ಲ. ಅವರು ಓದುವಾಗ ನಾವು ನಮ್ಮ ಆಸನದಲ್ಲಿ ಕುಳಿತು ಕೇಳಿಸಿಕೊಳ್ಳುತ್ತೇವೆ.